ಜೆರುಸಲೇಮಿನ ಆ ಅಜ್ಜನಿಗೆ

ಶುಕ್ರವಾರ ಸಂಜೆ, ಜೆರುಸಲೇಮಿನ ಯಾಫಾ ರಸ್ತೆ. ನಾನು ಬೆತ್ಲೆಹೇಮಿನ ರೂಮಿಗೆ ವಾಪಸ್ ಹೋಗಬೇಕಿತ್ತು. ಸ್ಟಾಪಿನಲ್ಲಿ ನಾನೊಬ್ಬಳೇ, ಫೋನ್ ಬೇರೆ ಆಫ್. ಅಂಗಡಿಗಳ ಶಟರ್ ಒಂದೊಂದಾಗಿ ಇಳಿದವು. ಎಲ್ಲೋ ಸೈರನ್ ಕೂಗಿತು. ಎದೆ ಧಸಕ್ಕೆಂದಿತು.

ಆಗ ಒಬ್ಬರು ಅಜ್ಜ ನಿಂತರು. ಕೈಚೀಲದಲ್ಲಿ ಜಡೆಯಂತೆ ಹೆಣೆದ ಎರಡು ಬ್ರೆಡ್. "ಹೆದರಬೇಡಮ್ಮ, ಸಬ್ಬತ್ತಿನ ಸೈರನ್. ನಾಳೆ ಕತ್ತಲಾಗುವವರೆಗೆ ಇಲ್ಲಿ ಬಸ್ಸಿಲ್ಲ" ಎಂದರು ಇಂಗ್ಲಿಷಿನಲ್ಲಿ. ಸಬ್ಬತ್ ಅಂದರೆ ಯೆಹೂದ್ಯರ ವಾರದ ವಿಶ್ರಾಂತಿಯ ದಿನ, ಶುಕ್ರವಾರ ಸೂರ್ಯ ಮುಳುಗಿದಾಗ ಶುರು. ಹಳೇ ಊರಿನ ಕೋಟೆಗಿರುವ ದಮಸ್ಕದ ಬಾಗಿಲ ಹತ್ತಿರ ಅರಬ್ಬರ ಬಸ್ಸು ಸಿಗುತ್ತದಂತೆ. ತಮ್ಮ ಮನೆಯ ದಾರಿ ಬಿಟ್ಟು ನನ್ನ ಜೊತೆ ನಡೆದರು. ಮಧ್ಯೆ ಮಧ್ಯೆ ಆಕಾಶ ನೋಡುತ್ತಿದ್ದರು. ಸೂರ್ಯ ಮುಳುಗಿದರೆ ಅವರಿಗೆ ದಿನವೇ ಬದಲಾಗುತ್ತದೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲೂ ಸಂಜೆ ಮೊದಲು, ಬೆಳಗು ಆಮೇಲೆ, ಅಲ್ವಾ?

ಅವರ ಅವಸರ ನೋಡಿ ಬೈಬಲಿನ ಲೂಕನ ಸುವಾರ್ತೆಯ 23ನೇ ಅಧ್ಯಾಯ ನೆನಪಾಯಿತು. ಸಬ್ಬತ್ ಶುರುವಾಗುವ ಹೊತ್ತು, ಯೇಸುವಿನ ದೇಹವನ್ನು ಬೇಗಬೇಗ ಸಮಾಧಿಯಲ್ಲಿಟ್ಟರು. ಸುಗಂಧದ್ರವ್ಯ ಸಿದ್ಧಮಾಡಿಕೊಂಡ ಹೆಂಗಸರು ಭಾನುವಾರ ಬೆಳಗಿನವರೆಗೆ ಕಾದರು. ಪ್ರತಿ ಗುಡ್ ಫ್ರೈಡೆ ಕೇಳಿದ್ದೇ. ಆ ಧಾವಂತ ಎಂಥದ್ದು ಅಂತ ಗೊತ್ತಾಗಿದ್ದು ಮಾತ್ರ ಅವತ್ತು.

ಬಸ್ಸು ತೋರಿಸಿ, ಡ್ರೈವರಿಗೆ ಏನೋ ಹೇಳಿ, ಜೇಬಿನಿಂದ ಒಂದು ಪೆಪ್ಪರ್‌ಮಿಂಟ್ ಕೊಟ್ಟರು. ಸೀಟಿನಲ್ಲಿ ಕೂತ ಮೇಲೆ ನನಗೆ ಅಳು ಬಂತು. ಹೆಸರೂ ಕೇಳಲಿಲ್ಲ. ಥ್ಯಾಂಕ್ಸ್ ಅಜ್ಜ. ಸಬ್ಬತ್ತಿನ ದೀಪ ಹಚ್ಚುವಷ್ಟರಲ್ಲಿ ಮನೆ ಸೇರಿದಿರಾ?