ಇಪ್ಪತ್ನಾಲ್ಕರ ಸಂಜೆಯ ಊಟ

ಶಿವಮೊಗ್ಗ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಮೆಸೇಜು ಓದಿದೆ. ಫೋನಿನಲ್ಲಿ ಹೇಳಿದರೆ ‘ಹೂಂ ದೊಡ್ಡಮ್ಮ’ ಅಂದು ಮರೆತುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಜರ್ಮನಿಯ ನಿನ್ನ ಮನೆ ಓನರ್ ಅಜ್ಜಿ ಕ್ರಿಸ್‌ಮಸ್‌ಗೆ ಅಂತ ಡಿಸೆಂಬರ್ 24ರ ಸಂಜೆ ಊಟಕ್ಕೆ ಕರೆದಿದ್ದಾರೆ, ಹೋಗಲಾ ಬೇಡವಾ ಅಂತ ಕೇಳಿದ್ದೀಯ. ಅದು ಅವರ ಹಬ್ಬ, ಮಧ್ಯೆ ನಾನ್ಯಾಕೆ ಅನ್ನುವುದು ನಿನ್ನ ಯೋಚನೆ. 25ಕ್ಕೆ ಹೇಗೂ ರಜೆ, ಊರು ಸುತ್ತಿ ಶಾಪಿಂಗ್ ಮಾಡುತ್ತೇನೆ ಅಂತಲೂ ಬರೆದಿದ್ದೀಯ. ಮೊದಲನೆಯದಕ್ಕೆ ನನ್ನ ಉತ್ತರ, ಕಣ್ಣು ಮುಚ್ಚಿಕೊಂಡು ಹೋಗು. ಎರಡನೆಯದಕ್ಕೆ, ಯಾವ ಶಾಪಿಂಗ್ ಮಾರಾಯ್ತಿ? ಪೇಟೆಗೆ ಪೇಟೆಯೇ ಮುಚ್ಚಿರುತ್ತದೆ.

ಕ್ರಿಸ್‌ಮಸ್ ಅಂದರೆ ನಮಗೆ ಗೊತ್ತಿರುವುದು 25ನೇ ತಾರೀಖು. ಜರ್ಮನಿಯಲ್ಲಿ ಹಬ್ಬದ ಜೀವ ಇರುವುದು 24ರ ಸಂಜೆಯಲ್ಲಿ. ಹೈಲಿಗ್‌ಆಬೆಂಡ್ ಅನ್ನುತ್ತಾರೆ. ತಮಾಷೆ ಅಂದರೆ, ಕಾನೂನಿನ ಲೆಕ್ಕದಲ್ಲಿ ಅವತ್ತು ಸರ್ಕಾರಿ ರಜೆಯೇ ಅಲ್ಲ. ರಜೆ ಇರುವುದು 25 ಮತ್ತು 26ಕ್ಕೆ. ಆದರೂ ನೀನಿರುವ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ 24ರ ಮಧ್ಯಾಹ್ನ ಎರಡಕ್ಕೆ ಅಂಗಡಿಗಳು ಶಟರ್ ಎಳೆಯಲೇಬೇಕು. ಮೂರು ಗಂಟೆಗೆ ಸ್ಟುಟ್‌ಗಾರ್ಟಿನ ಕೋನಿಗ್‌ಸ್ಟ್ರಾಸೆಗೆ ಹೋಗಿ ನೋಡು. ಹಿಂದಿನ ದಿನ ಕಾಲಿಡಲು ಜಾಗ ಇಲ್ಲದ ಬೀದಿ ಅದೇನಾ ಅನ್ನಿಸುತ್ತದೆ.

ನಾಲ್ಕು, ಐದು, ಆರು ಗಂಟೆಗೆ ಚರ್ಚುಗಳಲ್ಲಿ ಪ್ರಾರ್ಥನೆ. ಆ ದೇಶದಲ್ಲಿ ಎರಡು ದೊಡ್ಡ ಚರ್ಚುಗಳ ಸದಸ್ಯರು ಈಗ ಜನಸಂಖ್ಯೆಯ ಅರ್ಧಕ್ಕಿಂತ ಕಡಿಮೆ. ವರ್ಷಪೂರ್ತಿ ಆ ಕಡೆ ತಲೆ ಹಾಕದವರೂ ಅವತ್ತು ಮಕ್ಕಳ ಕೈ ಹಿಡಿದು ಬರುತ್ತಾರೆ. ಬೇಗ ಹೋಗದಿದ್ದರೆ ನಿಂತುಕೊಂಡೇ ಕೇಳಬೇಕು. ಅಜ್ಜಿ ಕರೆದರೆ ನೀನೂ ಜೊತೆಗೆ ಹೋಗು. ನೀನು ಯಾರು, ಯಾವ ಧರ್ಮ ಅಂತ ಬಾಗಿಲಲ್ಲಿ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವುದು ವಿಳಾಸ ನೋಂದಾಯಿಸುವ ಕಚೇರಿಯವರು. ಚರ್ಚಿನ ಸದಸ್ಯರು ಅಂತಾದರೆ ನಿಮ್ಮ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ ಅದರ ಶೇಕಡಾ 8ರಷ್ಟು ಚರ್ಚ್ ತೆರಿಗೆಯನ್ನೂ ಕಟ್ಟಬೇಕಲ್ಲ, ಅದಕ್ಕೆ. ನಿನಗೆ ಅದು ಅನ್ವಯಿಸುವುದಿಲ್ಲ ಬಿಡು.

ಚರ್ಚಿನಿಂದ ಬಂದ ಮೇಲೆ ಮನೆ ಬಾಗಿಲು ಹಾಕಿಕೊಳ್ಳುತ್ತಾರೆ. ಮರಕ್ಕೆ ದೀಪ ಹಚ್ಚುವುದು, ಉಡುಗೊರೆ ಕೊಡುವುದು ಎಲ್ಲ ಅದೇ ಸಂಜೆ. ಸಿನಿಮಾದಲ್ಲಿ ನೋಡುವ ಹಾಗೆ ಮರುದಿನ ಬೆಳಗ್ಗೆ ಅಲ್ಲ. ಮಕ್ಕಳಿರುವ ಮನೆಯಾದರೆ ಮರ ಇರುವ ಕೋಣೆಗೆ ಅವರನ್ನು ಬಿಡುವುದೇ ಇಲ್ಲ. ಒಳಗಿನಿಂದ ಪುಟ್ಟ ಗಂಟೆ ಅಲ್ಲಾಡಿಸುತ್ತಾರೆ, ಆಮೇಲೆ ಬಾಗಿಲು ತೆಗೆಯುತ್ತಾರೆ. ಉಡುಗೊರೆ ತಂದಿಟ್ಟದ್ದು ದಕ್ಷಿಣದ ಕಡೆ ಕ್ರಿಸ್ಟ್‌ಕಿಂಡ್, ಅಂದರೆ ಬಾಲ ಯೇಸು. ಉತ್ತರದ ಕಡೆ ಬಿಳಿ ಗಡ್ಡದ ವೈನಾಖ್ಟ್ಸ್‌ಮಾನ್.

ಈ ಸಂಜೆಗೆ ಜರ್ಮನರು ಸಾಮಾನ್ಯವಾಗಿ ಹೊರಗಿನವರನ್ನು ಕರೆಯುವುದಿಲ್ಲ. ಹತ್ತು ವರ್ಷ ಒಂದೇ ಆಫೀಸಿನಲ್ಲಿ ಕೂತವರೂ ‘ಜನವರಿಯಲ್ಲಿ ಸಿಗೋಣ’ ಅಂದು ಕೈಕುಲುಕಿ ಹೋಗುತ್ತಾರೆ. ಅದು ಬಿಗುಮಾನ ಅಲ್ಲ. 24 ತಮ್ಮ ಮನೆ, 25ಕ್ಕೆ ಒಂದು ಕಡೆಯ ಬೀಗರು, 26ಕ್ಕೆ ಇನ್ನೊಂದು ಕಡೆಯವರು, ಹೀಗೆ ಮೂರು ದಿನವೂ ಮೊದಲೇ ಹಂಚಿಹೋಗಿರುತ್ತದೆ. ಅಂಥದ್ದರಲ್ಲಿ ಆ ಅಜ್ಜಿ ಮೇಜಿನ ಮೇಲೆ ನಿನಗೊಂದು ತಟ್ಟೆ ಇಡುತ್ತೇನೆ ಅಂದಿದ್ದಾರೆ. ‘ನಿಮಗ್ಯಾಕೆ ತೊಂದರೆ’ ಅಂತ ನಮ್ಮವರ ಹಾಗೆ ಒಮ್ಮೆ ಬೇಡ ಅಂದು ಎರಡನೇ ಸಲ ಕರೆಯಲಿ ಅಂತ ಕಾಯಬೇಡ. ಅವರು ಬೇಡ ಅಂದರೆ ಬೇಡ ಅಂತಲೇ ತಿಳಿಯುತ್ತಾರೆ.

ಆರು ಗಂಟೆ ಅಂದರೆ ಆರಕ್ಕೇ ಹೋಗು. ಕೈಯಲ್ಲಿ ಒಂದು ಹೂವಿನ ಕುಂಡವೋ ಒಳ್ಳೆಯ ಚಾಕೊಲೇಟ್ ಡಬ್ಬವೋ ಇರಲಿ. ಅಮ್ಮ ಕಳಿಸಿದ ಕೋಡುಬಳೆ ಉಳಿದಿದ್ದರೆ ಒಂದಿಷ್ಟನ್ನು ಬಾಟಲಿಗೆ ಹಾಕಿ ರಿಬ್ಬನ್ ಕಟ್ಟು, ಖಾರ ಇದೆ ಅಂತ ಮೊದಲೇ ಹೇಳು. ಅವರೂ ನಿನಗೆ ಏನಾದರೂ ಕೊಡುತ್ತಾರೆ. ನಾವು ಉಡುಗೊರೆಯನ್ನು ಪಕ್ಕಕ್ಕಿಟ್ಟು ಎಲ್ಲರೂ ಹೋದ ಮೇಲೆ ಬಿಚ್ಚುತ್ತೇವೆ, ಅಲ್ವಾ? ಅಲ್ಲಿ ಅವರ ಎದುರಿಗೇ ಬಿಚ್ಚಬೇಕು, ನೋಡಿ ಖುಷಿಪಡಬೇಕು.

ಊಟದ ವಿಷಯ ಸ್ವಲ್ಪ ಹುಷಾರು. 24ಕ್ಕೆ ಭಾರಿ ಅಡುಗೆ ಇರುತ್ತದೆ ಅಂದುಕೊಳ್ಳಬೇಡ. ಎಷ್ಟೋ ಮನೆಗಳಲ್ಲಿ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜು, ಅಷ್ಟೇ. ಹುರಿದ ಬಾತುಕೋಳಿ, ಕೆಂಪು ಎಲೆಕೋಸು, ಆಲೂಗಡ್ಡೆ ಉಂಡೆ ಎಲ್ಲ 25ರ ಮಧ್ಯಾಹ್ನಕ್ಕೆ. ಸಲಾಡಾದರೂ ತಿನ್ನೋಣ ಅಂತ ನೀನು ಬಡಿಸಿಕೊಳ್ಳುತ್ತೀಯ. ಆದರೆ ನೀನಿರುವ ಶ್ವಾಬಿಯಾ ಸೀಮೆಯ ಸಲಾಡಿಗೆ ಉತ್ತರದವರ ಹಾಗೆ ಮಯೊನೀಸ್ ಹಾಕುವುದಿಲ್ಲ, ಬಿಸಿ ಸಾರು ಹಾಕುತ್ತಾರೆ. ಅದು ಬಹಳ ಸಲ ಮಾಂಸದ ಸಾರೇ ಆಗಿರುತ್ತದೆ. ಹಾಗಾಗಿ ಈಗಲೇ, ಒಂದು ತಿಂಗಳು ಮೊದಲೇ, ನಾನು ಮಾಂಸ ತಿನ್ನುವುದಿಲ್ಲ ಅಂತ ಹೇಳಿಬಿಡು. ಮೊದಲೇ ಹೇಳಿದರೆ ತರಕಾರಿ ಸಾರು ಹಾಕಿ ಮಾಡುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ. ತಟ್ಟೆ ಮುಂದೆ ಕೂತ ಮೇಲೆ ಹೇಳಿದರೆ ಇಬ್ಬರಿಗೂ ಕಷ್ಟ.

ಇನ್ನು ಅಂಗಡಿ ವಿಷಯ. ಈ ಸಲ 25 ಶುಕ್ರವಾರ, 26 ಶನಿವಾರ, 27 ಭಾನುವಾರ. ಗುರುವಾರ ಮಧ್ಯಾಹ್ನ ಎರಡಕ್ಕೆ ಮುಚ್ಚಿದ್ದು ಸೋಮವಾರ ಬೆಳಗ್ಗೆಯೇ ತೆರೆಯುವುದು. ಶನಿವಾರ ರಜೆ ಹೋಯಿತು, ಬದಲಿಗೆ ಸೋಮವಾರ ಕೊಡಿ ಅನ್ನುವ ಪದ್ಧತಿಯೂ ಅಲ್ಲಿಲ್ಲ. ಭಾನುವಾರ ಮತ್ತು ಹಬ್ಬದ ರಜೆಗಳು ಕೆಲಸದಿಂದ ಬಿಡುವಿನ, ಮನಸ್ಸನ್ನು ಮೇಲೆತ್ತುವ ದಿನಗಳು, ಅವುಗಳಿಗೆ ರಕ್ಷಣೆ ಇದೆ ಅಂತ 1919ರ ವೈಮಾರ್ ಸಂವಿಧಾನದ 139ನೇ ವಿಧಿ ಹೇಳಿತ್ತು. 1949ರ ಈಗಿನ ಸಂವಿಧಾನ ತನ್ನ 140ನೇ ವಿಧಿಯಲ್ಲಿ ಅದನ್ನು ಹಾಗೇ ಇಟ್ಟುಕೊಂಡಿದೆ. ಸಂವಿಧಾನದಲ್ಲೇ ಬರೆದಿಟ್ಟ ರಜೆ ಅದು! ನನಗಂತೂ ಅದು ತುಂಬಾ ಇಷ್ಟವಾಗಿತ್ತು. ಅಂಗಡಿಯಲ್ಲಿ ದುಡಿಯುವ ಹುಡುಗಿಗೂ ಹಬ್ಬ ಸಿಗುತ್ತದೆ ನೋಡು. ನಮ್ಮಲ್ಲಿ ದೀಪಾವಳಿ ದಿನ ಅವಳಿಗೇ ಕೆಲಸ ಜಾಸ್ತಿ.

ನಾವು ಅಲ್ಲಿದ್ದಾಗ ನಮ್ಮ ಮನೆಗೆ 25ರ ಬೆಳಗ್ಗೆ ಯಾರಾದರೊಬ್ಬ ಹೊಸ ಹುಡುಗ ಬಂದು ‘ಆಂಟಿ, ಹಾಲು ಇದೆಯಾ’ ಅಂತ ಬೆಲ್ ಒತ್ತುತ್ತಿದ್ದ. ಪ್ರತಿ ವರ್ಷ ಹುಡುಗ ಬೇರೆ, ಪ್ರಶ್ನೆ ಅದೇ. ನೀನು ಹಾಲು, ಮೊಸರು, ಬ್ರೆಡ್ಡು, ಈರುಳ್ಳಿ, ಟೊಮೆಟೊ ಎಲ್ಲವನ್ನೂ 22ಕ್ಕೇ ತಂದಿಟ್ಟುಕೋ. 24ರ ಬೆಳಗ್ಗೆ ಹೋದರೆ ಬಿಲ್ಲಿನ ಸಾಲಿನಲ್ಲೇ ಹಬ್ಬ ಮುಗಿಯುತ್ತದೆ. ತೀರಾ ಬೇಕಾದರೆ ದೊಡ್ಡ ರೈಲು ನಿಲ್ದಾಣದ ಅಂಗಡಿ, ಪೆಟ್ರೋಲ್ ಬಂಕು ತೆರೆದಿರುತ್ತವೆ, ಬೆಲೆ ಮಾತ್ರ ಕೈ ಸುಡುತ್ತದೆ. ಜ್ವರಗಿರ ಬಂದು ಡಾಕ್ಟರ್ ಬೇಕಾದರೆ 116117ಕ್ಕೆ ಫೋನ್ ಮಾಡು, ಜೀವಕ್ಕೆ ಅಪಾಯ ಅನ್ನಿಸಿದರೆ 112. ಹಬ್ಬದ ದಿನ ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಎಸೆಯಬೇಡ, ಅದರ ಸದ್ದು ಕೇಳಿದರೆ ಅಕ್ಕಪಕ್ಕದವರು ಮುಖ ಗಂಟು ಹಾಕುತ್ತಾರೆ. ಬೆಳಗ್ಗೆ ಏಳಕ್ಕೆ ಮಿಕ್ಸಿಯಲ್ಲಿ ಚಟ್ನಿ ರುಬ್ಬುವುದೂ ಬೇಡ ಕಣೆ.

ಸುತ್ತಾಟ, ಗಲಾಟೆ, ದೀಪ, ತಿಂಡಿ ಬೇಕು ಅಂತಿದ್ದರೆ ಅದು ಈಗ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವನ್ನು ಅಡ್ವೆಂಟ್ ಅನ್ನುತ್ತಾರೆ. ಬೀದಿಯ ಹಬ್ಬ ಅಷ್ಟೂ ಆ ನಾಲ್ಕು ವಾರದಲ್ಲಿ ಆಗಿಹೋಗುತ್ತದೆ. ಅಜ್ಜಿಯ ಮೇಜಿನ ಮೇಲೆ ಹಸಿರು ಎಲೆಯ ಬಳೆಯಂಥ ಹಾರದಲ್ಲಿ ನಾಲ್ಕು ಮೇಣದ ಬತ್ತಿ ನೋಡುತ್ತೀಯ, ಭಾನುವಾರಕ್ಕೊಂದು ಹೆಚ್ಚಾಗಿ ಹಚ್ಚುತ್ತಾ ಹೋಗುತ್ತಾರೆ. ಇದನ್ನು ಶುರು ಮಾಡಿದ್ದು ಹ್ಯಾಂಬರ್ಗ್‌ನ ಪಾದ್ರಿ ಯೋಹಾನ್ ಹಿನ್‌ರಿಕ್ ವಿಖೆರ್ನ್, 1839ರಲ್ಲಿ. ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಹಬ್ಬಕ್ಕೆ ಇನ್ನೆಷ್ಟು ದಿನ, ಇನ್ನೆಷ್ಟು ದಿನ ಅಂತ ಮಕ್ಕಳು ಕೇಳಿ ಕೇಳಿ ತಲೆ ತಿನ್ನುತ್ತಿದ್ದರಂತೆ. ಗಾಡಿ ಚಕ್ರವೊಂದರ ಮೇಲೆ ಭಾನುವಾರಗಳಿಗೆ ದೊಡ್ಡ ಬತ್ತಿ, ಉಳಿದ ದಿನಗಳಿಗೆ ಸಣ್ಣ ಬತ್ತಿ ಇಟ್ಟು ದಿನಕ್ಕೊಂದು ಹಚ್ಚಿಸಿದರು.

ಡಿಸೆಂಬರ್ 5ರ ರಾತ್ರಿ ಮಕ್ಕಳು ಬೂಟು ತೊಳೆದು ಬಾಗಿಲ ಹೊರಗೆ ಇಡುತ್ತಾರೆ, ಬೆಳಗ್ಗೆ ನೋಡಿದರೆ ಸಂತ ನಿಕೊಲಸ್ ಅದರಲ್ಲಿ ಕಡಲೆಕಾಯಿ, ಕಿತ್ತಳೆ, ಚಾಕೊಲೇಟು ತುಂಬಿರುತ್ತಾನೆ. ನಿನ್ನ ಫ್ಲ್ಯಾಟಿನ ಹುಡುಗಿಯರ ಬೂಟುಗಳಲ್ಲಿ ಒಂದೊಂದು ಚಾಕೊಲೇಟು ಹಾಕಿಡು. ಭಾಷೆ ಬರದಿದ್ದರೂ ಸ್ನೇಹ ಆಗುತ್ತದೆ.

ಕ್ರಿಸ್‌ಮಸ್ ಸಂತೆಗಳಿಗೆ ತಪ್ಪದೆ ಹೋಗು. ಡ್ರೆಸ್ಡೆನ್‌ನದು 1434ರಿಂದ ಇದೆ, ಸ್ಟುಟ್‌ಗಾರ್ಟಿನ ಸಂತೆಯ ಮೊದಲ ದಾಖಲೆ 1692ರದು. ನಿಮ್ಮೂರಿನವರು ಮಳಿಗೆಗಳ ಸೂರಿನ ಮೇಲೂ ಬೊಂಬೆ ಕೂರಿಸುತ್ತಾರೆ, ತಲೆ ಎತ್ತಿ ನೋಡು. ಚಕ್ಕೆ ಲವಂಗ ಹಾಕಿ ಕುದಿಸಿದ ಬಿಸಿ ವೈನ್ ಕೊಡುವ ಲೋಟಕ್ಕೆ ಠೇವಣಿ ತೆಗೆದುಕೊಳ್ಳುತ್ತಾರೆ, ಲೋಟ ಹಿಂದಿರುಗಿಸಿ ದುಡ್ಡು ವಾಪಸ್ ತಗೋ. ವೈನ್ ಸಿಹಿಯಾಗಿರುತ್ತದೆ, ಏರಿದ್ದೇ ಗೊತ್ತಾಗುವುದಿಲ್ಲ. ಮಕ್ಕಳಿಗೆ ಅಂತ ಮಾಡುವ ಹಣ್ಣಿನ ರಸದ ಪಂಚ್ ಇನ್ನೂ ಚೆನ್ನಾಗಿರುತ್ತದೆ. (ಇದನ್ನು ನಿಮ್ಮಮ್ಮ ಓದಲಿ ಅಂತ ಬರೆದದ್ದಲ್ಲ.) ಸಂತೆಯ ಸುತ್ತ ಕಾಂಕ್ರೀಟು ತಡೆ, ಪೊಲೀಸರು ಕಂಡರೆ ಗಾಬರಿಯಾಗಬೇಡ. 2016ರಲ್ಲಿ ಬರ್ಲಿನ್, 2024ರಲ್ಲಿ ಮ್ಯಾಗ್ಡೆಬರ್ಗ್ ಸಂತೆಗಳ ಮೇಲೆ ವಾಹನ ನುಗ್ಗಿಸಿ ಜನರನ್ನು ಕೊಂದರು. ಅದರಿಂದ ಈ ಕಾವಲು.

ಒಂದು ಶನಿವಾರ ಎಸ್‌ಲಿಂಗನ್ನಿಗೆ ಹೋಗು, ಎಸ್-ಬಾನ್ ಲೋಕಲ್ ರೈಲಿನಲ್ಲಿ ಸುಮಾರು ಕಾಲು ಗಂಟೆ. ಅಲ್ಲಿ ಕ್ರಿಸ್‌ಮಸ್ ಸಂತೆಗೆ ಸೇರಿಕೊಂಡೇ ಮಧ್ಯಯುಗದ ವೇಷದ ಇನ್ನೊಂದು ಸಂತೆ ಕಟ್ಟುತ್ತಾರೆ. ನಿನಗೆ ಅಲ್ಲಿಗೆ ಹೋಗಲು ಇನ್ನೊಂದು ಕಾರಣವೂ ಇದೆ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ ತಂದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಲ್ಲೇ. ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದದ್ದು ಟ್ಯೂಬಿಂಗನ್ನಿನಲ್ಲಿ, ಹೋದದ್ದು 1903ರ ಡಿಸೆಂಬರ್‌ನಲ್ಲಿ. ನಿನ್ನಲ್ಲಿಂದ ಆ ಊರಿಗೆ ಸುಮಾರು ಒಂದು ಗಂಟೆಯ ರೈಲು. ಇಬ್ಬರೂ ಬಾಸೆಲ್ ಮಿಷನ್ನಿನಿಂದ ನಮ್ಮ ಕಡೆ ಬಂದವರು. ಎಷ್ಟು ಕ್ರಿಸ್‌ಮಸ್‌ಗಳನ್ನು ಮನೆಯವರಿಂದ ದೂರ, ನಮ್ಮ ಧಾರವಾಡ, ಮಂಗಳೂರಿನ ಸೆಖೆಯಲ್ಲಿ ಕಳೆದಿರಬೇಕು ಅವರು! ಆ ಬೀದಿಗಳಲ್ಲಿ ನಡೆಯುವಾಗ ನನಗೆ ಇದೇ ನೆನಪಾಗುತ್ತಿತ್ತು.

25ರ ಮಧ್ಯಾಹ್ನ ನಿನ್ನ ಹಾಗೇ ಊರಿಗೆ ಹೋಗದೆ ಉಳಿದ ಹುಡುಗ ಹುಡುಗಿಯರನ್ನು ಕರೆದು ಬಿಸಿಬೇಳೆಬಾತ್ ಮಾಡು. ಇಂಡಿಯಾದವರನ್ನೇ ಕರೆಯಬೇಕು ಅಂತೇನಿಲ್ಲ. ವಿದ್ಯಾರ್ಥಿಗಳು ಅಲ್ಲಿ ಒಂಟಿತನ ಅಂತ ಅಳುವುದು ಹೆಚ್ಚಾಗಿ ಈ ಮೂರು ದಿನಗಳಲ್ಲಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನೀನೇ ಮೆಸೇಜು ಹಾಕು.

ಹೊಸ ವರ್ಷ ಆದ ಮೇಲೂ ಹಬ್ಬ ಪೂರ್ತಿ ಮುಗಿದಿರುವುದಿಲ್ಲ. ಜನವರಿ 6 ಮೂರು ರಾಜರ ಹಬ್ಬ, ನಕ್ಷತ್ರ ನೋಡಿ ಬಾಲ ಯೇಸುವನ್ನು ಹುಡುಕಿ ಬಂದವರ ನೆನಪಿಗೆ. ಬರ್ಲಿನ್‌ನವರಿಗೆ ಅವತ್ತು ರಜೆ ಇಲ್ಲ, ನಿಮ್ಮ ರಾಜ್ಯದಲ್ಲಿ ಇದೆ, ಅಂದರೆ ಮತ್ತೆ ಅಂಗಡಿ ಬಂದ್. ಅದರ ಆಸುಪಾಸಿನಲ್ಲಿ ಮಕ್ಕಳು ಕಿರೀಟ ಹಾಕಿಕೊಂಡು ನಕ್ಷತ್ರದ ಕೋಲು ಹಿಡಿದು ಹಾಡುತ್ತಾ ಮನೆ ಮನೆಗೆ ಬರುತ್ತಾರೆ. ಬೇರೆ ದೇಶಗಳ ಬಡ ಮಕ್ಕಳಿಗಾಗಿ ದುಡ್ಡು ಕೂಡಿಸುತ್ತಾರೆ. ಬಾಗಿಲು ತೆಗೆದು ಡಬ್ಬಿಗೆ ಒಂದೆರಡು ಯೂರೋ ಹಾಕು, ಚಾಕೊಲೇಟು ಕೊಡು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಇಸವಿ, ಮಧ್ಯೆ ಸಿ, ಎಂ, ಬಿ ಅಂತ ಬರೆಯುತ್ತಾರೆ. ಈ ಮನೆಗೆ ಕ್ರಿಸ್ತ ಒಳ್ಳೆಯದು ಮಾಡಲಿ ಅಂತ ಅದರ ಅರ್ಥ. ಗಲೀಜು ಅಂತ ಒರೆಸಿಬಿಡಬೇಡ, ಅದು ಅಜ್ಜಿಯ ಬಾಗಿಲು.

24ಕ್ಕೆ ಅಪ್ಪನಿಗೆ ಫೋನ್ ಮಾಡುವುದಾದರೆ ಊಟಕ್ಕೆ ಹೋಗುವ ಮೊದಲೇ ಮಾಡು. ಚಳಿಗಾಲದಲ್ಲಿ ನಾವು ನಿನಗಿಂತ ನಾಲ್ಕೂವರೆ ಗಂಟೆ ಮುಂದೆ ಇರುತ್ತೇವೆ, ನೀನು ವಾಪಸ್ ಬರುವ ಹೊತ್ತಿಗೆ ಅವನು ಗೊರಕೆ ಹೊಡೆಯುತ್ತಿರುತ್ತಾನೆ. ಅಜ್ಜಿಗೆ ಇವತ್ತೇ ‘ಬರುತ್ತೇನೆ’ ಅಂತ ಹೇಳಿ ನನಗೊಂದು ಮೆಸೇಜು ಹಾಕು.

ಇಂತಿ,
ನಿನ್ನ ದೊಡ್ಡಮ್ಮ