ಆ ಹಾಡು ಕುಣಿತವೇ ಕತೆ, ಸಂಪಾದಕರೇ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜಪಾನಿನ ಕಾರ್ಟೂನ್‌ಗಳಾದ ಅನಿಮೆಗಳ ಬಗ್ಗೆ ಬಂದ ಬರಹ ಓದಿದೆ. ಅದರಲ್ಲಿ ‘ಸಕುರಾ ವಾರ್ಸ್’ಗೆ ಸಿಕ್ಕಿದ್ದು ನಾಲ್ಕೇ ಸಾಲು. ಸಮುರಾಯ್ ಕಾಲದ ಜಪಾನಿನಲ್ಲಿ ಹುಡುಗಿಯರು ದೈತ್ಯ ರೋಬೋಟ್ ಓಡಿಸುವ ಕತೆ, ನಡುನಡುವೆ ಕಾರಣವಿಲ್ಲದ ಹಾಡು ಕುಣಿತ, ಇತಿಹಾಸಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಬರೆದು ಮುಂದಕ್ಕೆ ಹೋಗಿದ್ದಾರೆ. ಬರೆದವರ ಮೇಲೆ ನನಗೆ ಕೋಪವಿಲ್ಲ. ಆದರೆ ಆ ನಾಲ್ಕು ಸಾಲು ಓದಿ ಯಾರಾದರೂ ಈ ಸರಣಿಯನ್ನು ನೋಡದೆ ಬಿಟ್ಟರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ಮೊದಲು ಕಾಲದ ವಿಷಯ. ಇದು ಸಮುರಾಯ್ ಕಾಲವೇ ಅಲ್ಲ. ಕತೆ ನಡೆಯುವುದು ತೈಶೋ ಯುಗದಲ್ಲಿ, 1912ರಿಂದ 1926ರವರೆಗೆ ಇದ್ದ ಚಿಕ್ಕ ಯುಗ ಅದು. ಕಿಮೋನೋ ಉಟ್ಟವರೂ ಸೂಟು ಹಾಕಿದವರೂ ಒಂದೇ ಟ್ರಾಮಿನಲ್ಲಿ ಕೂತು ಹೋಗುತ್ತಿದ್ದ ಕಾಲ. ನಾಯಕಿ ಶಿಂಗೂಜಿ ಸಕುರಾ ಸೆಂಡೈ ಕಡೆಯ ಹುಡುಗಿ. ಮೂಲ ಕತೆಯಲ್ಲಿ ಅವಳು ಟೋಕಿಯೋಗೆ ಬರುವುದು ತೈಶೋ 12ನೇ ವರ್ಷ, ಅಂದರೆ 1923. ಅವಳ ಕೈಯಲ್ಲಿ ಕತ್ತಿ ಇದೆ, ನಿಜ. ಆದರೆ ಕತ್ತಿ ಕಂಡ ಕೂಡಲೇ ಸಮುರಾಯ್ ಅಂದುಕೊಂಡರೆ ಅರ್ಧ ಕತೆ ಅಲ್ಲೇ ಕೈಬಿಟ್ಟು ಹೋಗುತ್ತದೆ. ಯಾಕೆಂದರೆ ಇದೆಲ್ಲ ಶುರುವಾದದ್ದು 1996ರಲ್ಲಿ ಸೆಗಾ ಸ್ಯಾಟರ್ನ್ ಎಂಬ ವಿಡಿಯೋ ಗೇಮ್ ಯಂತ್ರಕ್ಕೆ ಬಂದ ಒಂದು ಆಟದಿಂದ, ಆ ಆಟದಲ್ಲಿ ಹಳೆಯ ಎದೊ ಕಾಲವನ್ನು, ಅಂದರೆ ಆ ಸಮುರಾಯ್ ಕಾಲವನ್ನೇ, ವಾಪಸ್ ತರಲು ಹೊರಟವರೇ ಶತ್ರುಗಳು. ಅವರ ಮುಖಂಡ ತೆಂಕಾಯ್. ಇತಿಹಾಸದಲ್ಲೂ ಇದ್ದವನು ಅವನು, ಎದೊ ಆಳ್ವಿಕೆ ಶುರು ಮಾಡಿದ ಟೊಕುಗಾವಾ ಇಯೆಯಾಸುಗೆ ಸಲಹೆ ಕೊಡುತ್ತಿದ್ದ ಸನ್ಯಾಸಿ, 1643ರಲ್ಲಿ ತೀರಿಕೊಂಡವನು. ಅವನು ಎದ್ದು ಬಂದು ಈ ಹೊಸ ಊರು ನನಗೆ ಬೇಡ ಅನ್ನುತ್ತಾನೆ. ಈ ಹುಡುಗಿಯರು ಊರು ಹೀಗೇ ಇರಲಿ ಅನ್ನುತ್ತಾರೆ. ಸಮುರಾಯ್ ಕಾಲದ ಕತೆ ಅಂದರೆ ಪೂರ್ತಿ ಉಲ್ಟಾ ಆಯಿತಲ್ವಾ?

‘ದೈತ್ಯ ರೋಬೋಟ್’ ಅನ್ನುವುದೂ ಅಷ್ಟು ಸರಿಯಲ್ಲ. ಇನ್ನೊಂದು ಪ್ರಸಿದ್ಧ ಅನಿಮೆಯ ರೋಬೋಟ್ ಗಂಡಮ್ ಎತ್ತರ 18 ಮೀಟರ್. ಇವರ ಯಂತ್ರದ ಹೆಸರು ಕೋಬು, ಅದು ಮನುಷ್ಯನಿಗಿಂತ ಸ್ವಲ್ಪ ಎತ್ತರ ಅಷ್ಟೆ. ಪೀಪಾಯಿಯಂಥ ಮೈ, ಬೆನ್ನ ಮೇಲೆ ಕೊಳವೆಗಳು, ಅವುಗಳಿಂದ ಬುಸುಗುಡುವ ಉಗಿ. ಈ ಕತೆಯ ಟೋಕಿಯೋದಲ್ಲಿ ಎಲ್ಲವೂ ಉಗಿಯಿಂದಲೇ ನಡೆಯುತ್ತದೆ. ಆದರೆ ಕೋಬು ಬರೀ ಉಗಿಯಿಂದ ಏಳುವುದಿಲ್ಲ, ಒಳಗೆ ಕೂತವಳ ಆತ್ಮಶಕ್ತಿಯೂ ಬೇಕು. 2001ರ ಸಿನಿಮಾದಲ್ಲಿ ಅಮೆರಿಕದ ಒಂದು ಕಂಪನಿ ಆಳೇ ಬೇಡದ ಯಂತ್ರ ತಂದು, ಇನ್ನು ಕೋಬುಗಳೂ ಬೇಡ, ಹುಡುಗಿಯರೂ ಬೇಡ ಅನ್ನುವ ಹಂತಕ್ಕೆ ತರುತ್ತದೆ. ಇಷ್ಟು ವರ್ಷದ ಮೇಲೆ ಈಗ ಆ ಸಿನಿಮಾ ನೋಡಿದರೆ ಇವತ್ತಿನ ಮಾತೇ ಅನ್ನಿಸುತ್ತದೆ.

ಈಗ ಹಾಡು ಕುಣಿತಕ್ಕೆ ಬರುತ್ತೇನೆ. ನಾನು ಬರೆಯಲು ಕೂತದ್ದೇ ಇದಕ್ಕೆ.

ಈ ಹುಡುಗಿಯರು ಟೋಕಿಯೋದ ಗಿಂಝಾ ಬಡಾವಣೆಯ ಒಂದು ದೊಡ್ಡ ನಾಟಕ ಮಂದಿರದ ನಟಿಯರು. ಹಗಲು ತಾಲೀಮು, ಸಂಜೆ ಪ್ರದರ್ಶನ. ಗಂಟೆ ಹೊಡೆದರೆ ಮಂದಿರದ ಕೆಳಗಿನ ನೆಲಮಾಳಿಗೆಗೆ ಇಳಿದು ಕೋಬು ಹತ್ತುತ್ತಾರೆ. ಅವರ ತಂಡದ ಹೆಸರು ‘ತೆಯ್ಕೊಕು ಕಗೆಕಿದಾನ್’. ಜಪಾನಿ ಭಾಷೆಯಲ್ಲಿ ಕಗೆಕಿದಾನ್ ಅಂತ ಕೇಳಿದರೆ ಗೀತನಾಟಕ ತಂಡ. ಅದೇ ಉಚ್ಚಾರ, ಬೇರೆ ಅಕ್ಷರದಲ್ಲಿ ಬರೆದರೆ ಹೂವಿನ ದಾಳಿ ತಂಡ. ಕಿವಿಗೆ ಒಂದು, ಕಣ್ಣಿಗೆ ಎರಡು. ಇಡೀ ಕತೆ ಈ ಒಂದು ಪದದ ಒಳಗೇ ಕೂತಿದೆ. ನೌಕಾಪಡೆಯ ಯುವ ಅಧಿಕಾರಿ ಒಗಾಮಿ ದೊಡ್ಡ ಪಡೆಗೆ ನಾಯಕನಾಗುತ್ತೇನೆ ಅಂತ ಬರುತ್ತಾನೆ, ಬಂದವನಿಗೆ ಸಿಗುವ ಕೆಲಸ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವುದು. ಅವನಿಗೆ ಮೊದಲು ಅವಮಾನವಾಗುತ್ತದೆ. ಆಮೇಲೆ ಅರ್ಥವಾಗುತ್ತದೆ. ಕಾಪಾಡಬೇಕಾದ ಊರು ಯಾವುದು ಅಂತ ನೋಡಬೇಕಾದರೆ ಟಿಕೆಟ್ ಕೊಟ್ಟು ಒಳಗೆ ಬರುವವರ ಮುಖ ನೋಡಬೇಕು, ಅದಕ್ಕಿಂತ ಒಳ್ಳೆ ಜಾಗ ಅವನಿಗೆ ಬೇರೆಲ್ಲಿ ಸಿಗುತ್ತದೆ ಹೇಳಿ.

ಇದೆಲ್ಲ ಬರೆದವರು ಸುಮ್ನೆ ಕಟ್ಟಿದ್ದಲ್ಲ. 1629ರಲ್ಲಿ ಜಪಾನಿನ ಸರ್ಕಾರ ಹೆಂಗಸರು ಕಬುಕಿ ಎಂಬ ಸಾಂಪ್ರದಾಯಿಕ ನಾಟಕದ ರಂಗಕ್ಕೆ ಹತ್ತುವುದನ್ನೇ ನಿಷೇಧಿಸಿತು. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು, ಅದೂ ಒಂದೆರಡು ವರ್ಷವಲ್ಲ, ಇನ್ನೂರೈವತ್ತು ವರ್ಷಕ್ಕೂ ಜಾಸ್ತಿ. 1911ರಲ್ಲಿ ಟೋಕಿಯೋದಲ್ಲಿ ಇಂಪೀರಿಯಲ್ ಥಿಯೇಟರ್ ಬಾಗಿಲು ತೆರೆಯಿತು, ಅಲ್ಲಿ ನಟಿಯರಿಗೆ ತರಬೇತಿ ಕೊಡುತ್ತಿದ್ದರು. ಅದೇ ವರ್ಷ ಮತ್ಸುಯಿ ಸುಮಾಕೊ ಎಂಬ ನಟಿ ಇಬ್ಸೆನ್ ನಾಟಕದ ನೋರಾ ಆಗಿ ರಂಗಕ್ಕೆ ಬಂದಳು, ಮನೆ ಬಿಟ್ಟು ಹೊರಡುವ ಹೆಂಡತಿಯ ಪಾತ್ರ ಅದು. ಆಗ ಊರೆಲ್ಲ ಅದೇ ಚರ್ಚೆ. 1914ರಲ್ಲಿ ತಕರಝುಕಾ ಎಂಬ ಬಿಸಿನೀರಿನ ಬುಗ್ಗೆಯ ಊರಿನಲ್ಲಿ, ಜನ ಬರದೆ ಖಾಲಿ ಬಿದ್ದಿದ್ದ ಒಳಾಂಗಣ ಈಜುಕೊಳದ ಮೇಲೆ ಹಲಗೆ ಹಾಸಿ ರಂಗ ಮಾಡಿ ಹುಡುಗಿಯರ ಒಂದು ತಂಡ ಹಾಡಿತು. ರೈಲ್ವೆ ಕಂಪನಿಯ ಕೊಬಯಾಶಿ ಇಚಿಝೊ ತನ್ನ ರೈಲಿಗೆ ಪ್ರಯಾಣಿಕರು ಬರಲಿ ಅಂತ ಕಟ್ಟಿದ ತಂಡ ಅದು. ಅದೇ ತಕರಝುಕಾ ರೆವ್ಯೂ. ಅಲ್ಲಿ ಗಂಡು ಪಾತ್ರವೂ ಹೆಂಗಸರದೇ. ಇವತ್ತಿಗೂ ನಡೆಯುತ್ತಿದೆ. 1921ರಲ್ಲಿ ಆ ತಂಡವನ್ನು ಹೂವಿನ ತಂಡ, ಚಂದ್ರನ ತಂಡ ಅಂತ ಎರಡು ಮಾಡಿದರು. ಹೂವಿನ ತಂಡಕ್ಕೆ ಜಪಾನಿಯಲ್ಲಿ ಹನಾಗುಮಿ ಅನ್ನುತ್ತಾರೆ. ನಮ್ಮ ಸಕುರಾ ಸೇರುವ ತಂಡದ ಹೆಸರೂ ಹನಾಗುಮಿ.

ಇಷ್ಟು ಗೊತ್ತಾದ ಮೇಲೆ ಅದೇ ಹಾಡುಗಳನ್ನು ಮತ್ತೊಮ್ಮೆ ಕೇಳಿ ನೋಡಿ. ಮೊದಲ ಸಲ ನೋಡಿದಾಗ ನಾನೂ ಹಾಡು ಬಂದರೆ ಮುಂದಕ್ಕೆ ಓಡಿಸುತ್ತಿದ್ದೆ, ಯಾವಾಗ ಕಾಳಗ ಬರುತ್ತದೆ ಅಂತ. ಎರಡನೇ ಸಲ ಓಡಿಸಲಿಲ್ಲ. ರಂಗದ ಮೇಲೆ ನಿಲ್ಲುವ ಹಕ್ಕೇ ಹೊಸದಾಗಿ ಸಿಕ್ಕಿದ ಕಾಲದಲ್ಲಿ ಆರು ಹುಡುಗಿಯರು ತುಂಬಿದ ಸಭಾಂಗಣದ ಮುಂದೆ ಎದೆಯೆತ್ತಿ ಹಾಡುತ್ತಾರೆ. ಉಗಿಯಂತ್ರದೊಳಗೆ ಕೂರುವುದಕ್ಕಿಂತ ಅದು ಕಡಿಮೆ ಧೈರ್ಯದ ಕೆಲಸವಲ್ಲ. ಅದಕ್ಕೇ ಹೇಳುತ್ತೇನೆ, ಈ ಕತೆಯಲ್ಲಿ ರಂಗ ಅನ್ನುವುದು ಕಾಳಗದ ನಡುವಿನ ಬಿಡುವಲ್ಲ.

ಯಂತ್ರ ಓಡಿಸುವ ಹೆಣ್ಣು ಅನ್ನುವುದೂ ಗಾಳಿಯಿಂದ ಹಿಡಿದು ತಂದ ಕಲ್ಪನೆಯಲ್ಲ. 1920ರಲ್ಲೇ ಟೋಕಿಯೋ ಬಸ್ಸುಗಳಲ್ಲಿ ಹೆಣ್ಣು ಕಂಡಕ್ಟರ್‌ಗಳಿದ್ದರು. 1922ರಲ್ಲಿ ಹ್ಯೋಡೊ ತಡಾಶಿ ಎಂಬ ಹೆಣ್ಣುಮಗಳು ವಿಮಾನ ಓಡಿಸುವ ಲೈಸೆನ್ಸ್ ಪಡೆದಳು, ಜಪಾನಿನಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಅವಳೇ. ಅದೇ 1922ರ ತನಕ ಜಪಾನಿನ ಹೆಂಗಸರು ರಾಜಕೀಯ ಸಭೆಗೆ ಹೋಗಿ ಸುಮ್ಮನೆ ಕೂರುವುದೂ ಕಾನೂನಿಗೆ ವಿರುದ್ಧವಾಗಿತ್ತು. 1925ರಲ್ಲಿ ಗಂಡಸರಿಗೆಲ್ಲ ವೋಟು ಬಂತು. ಹೆಂಗಸರಿಗೆ ಸಿಕ್ಕಿದ್ದು 1945ರ ಕೊನೆಯಲ್ಲಿ, ಯುದ್ಧ ಸೋತ ಮೇಲೆ. ಅಂದರೆ ವಿಮಾನ ಹಾರಿಸಬಹುದು, ವೋಟು ಹಾಕುವ ಹಾಗಿಲ್ಲ. ಸಕುರಾಳ ವಯಸ್ಸಿನ ಹುಡುಗಿಯರು ಬದುಕಿದ್ದು ಇಂಥ ಊರಿನಲ್ಲಿ.

ಈಗ ನನಗೆ ತುಂಬ ಹತ್ತಿರವಾದ ಒಂದು ವಿಷಯ. ‘ತೈಶೋ’ದ ಮೊದಲ ಅಕ್ಷರವನ್ನು ಕತೆಯಲ್ಲಿ ಬರೆಯುವಾಗ ಅದಕ್ಕೆ ಒಂದು ಚುಕ್ಕೆ ಜಾಸ್ತಿ ಇಡುತ್ತಾರೆ. ನಿಜವಾದ ತೈಶೋಗೆ ಆ ಚುಕ್ಕೆ ಇಲ್ಲ. ಇದು ಆ ಜಪಾನ್ ಅಲ್ಲ, ಅದರ ಪಕ್ಕದ್ದು ಅಂತ ಹೇಳುವ ಚುಕ್ಕೆ. ಯಾಕೆ ಬೇಕಿತ್ತು? ಕತೆಯ ಮೊದಲ ವರ್ಷ 1923 ಅಂದೆನಲ್ಲ. ನಿಜವಾದ ಟೋಕಿಯೋದಲ್ಲಿ ಆ ವರ್ಷದ ಸೆಪ್ಟೆಂಬರ್ 1ರಂದು, ಮಧ್ಯಾಹ್ನ 12ಕ್ಕೆ ಎರಡು ನಿಮಿಷ ಇರುವಾಗ ಭೂಮಿ ನಡುಗಿತು. ಊಟಕ್ಕೆ ಒಲೆ ಉರಿಯುತ್ತಿದ್ದ ಹೊತ್ತು, ಮರದ ಮನೆಗಳು, ಜೋರು ಗಾಳಿ. ಬೆಂಕಿ ಎರಡು ದಿನ ಆರಲಿಲ್ಲ. ಸುಮಾರು 1,05,000 ಜನ ಸತ್ತರು. ಗಿಂಝಾ ಸುಟ್ಟಿತು. ಅಸಾಕುಸಾದಲ್ಲಿ 1890ರಿಂದ ನಿಂತಿದ್ದ 12 ಮಹಡಿಯ ಗೋಪುರ ಅರ್ಧಕ್ಕೆ ಮುರಿಯಿತು. ಸಕುರಾ ಓಡಾಡುವ ಆ ಊರು ಕೆಲವೇ ತಿಂಗಳಲ್ಲಿ ಇಲ್ಲವಾಗಬೇಕಿತ್ತು. ಕತೆಯಲ್ಲಿ ಆಗುವುದಿಲ್ಲ. ಎರಡನೇ ಆಟ ತೈಶೋ 14ರಲ್ಲಿ ನಡೆಯುತ್ತದೆ, ಗಿಂಝಾ ಅಲ್ಲೇ ಇದೆ, ನಾಟಕವೂ ನಡೆಯುತ್ತಿದೆ. 2019ರ ಆಟಕ್ಕೆ ಬಂದರೆ ತೈಶೋ 29. ನಿಜದ ತೈಶೋ 15ನೇ ವರ್ಷಕ್ಕೇ ಮುಗಿದಿತ್ತು. ಸುಟ್ಟು ಹೋದ ಊರನ್ನು ಒಂದು ಚುಕ್ಕೆಯ ಬಲದಿಂದ ಉಳಿಸಿಕೊಂಡಿದ್ದಾರೆ, ಆ ಹುಡುಗಿಯರನ್ನು ಕಾವಲಿಗೆ ಇಟ್ಟಿದ್ದಾರೆ. ಇತಿಹಾಸಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಹೇಗೆ ಹೇಳುವುದು?

ಇಷ್ಟು ಹೊಗಳಿದ ಮೇಲೆ ನನಗೆ ಚುಚ್ಚುವುದನ್ನೂ ಹೇಳಲೇಬೇಕು. ಹನಾಗುಮಿಯಲ್ಲಿ ಚೀನಾದ ಕೋರಾನ್ ಇದ್ದಾಳೆ, ಯಂತ್ರ ಬಿಚ್ಚಿ ಜೋಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ರಷ್ಯಾದ ನಂಟಿರುವ ಮಾರಿಯಾ ಇದ್ದಾಳೆ, ಫ್ರಾನ್ಸಿನ ಐರಿಸ್, ಓಕಿನಾವಾದ ಕನ್ನಾ ಇದ್ದಾರೆ. ಆಮೇಲೆ ಇಟಲಿ, ಜರ್ಮನಿ ಕಡೆಯವರೂ ಬರುತ್ತಾರೆ. ಕೊರಿಯಾದವಳು ಒಬ್ಬಳೂ ಇಲ್ಲ. ಜಪಾನ್ 1910ರಲ್ಲೇ ಕೊರಿಯಾವನ್ನು ನುಂಗಿತ್ತು, ಟೋಕಿಯೋದಲ್ಲಿ ದುಡಿಯಲು ಬಂದ ಕೊರಿಯನ್ನರು ಎಷ್ಟೋ ಜನ ಇದ್ದರು. ಭೂಕಂಪದ ಮಾರನೇ ದಿನಗಳಲ್ಲಿ ಬಾವಿಗೆ ವಿಷ ಹಾಕಿದ್ದಾರೆ ಎಂಬ ಸುಳ್ಳು ಸುದ್ದಿ ನಂಬಿ ಜನರ ಗುಂಪುಗಳು ಆ ಕೊರಿಯನ್ನರನ್ನೇ ಹುಡುಕಿ ಹುಡುಕಿ ಕೊಂದವು. ಭೂಕಂಪವನ್ನು ಅಳಿಸಿದಾಗ ಇದೂ ಅಳಿಸಿಹೋಯಿತು. ಸುಂದರವಾದ ಆ ಚುಕ್ಕೆಯ ಕೆಳಗೆ ಇದೂ ಮುಚ್ಚಿಕೊಂಡಿದೆ ಅಂತ ಗೊತ್ತಾದ ಮೇಲೆ ಮೊದಲಿನಷ್ಟು ನಿರಾಳವಾಗಿ ನೋಡಲು ನನಗೆ ಆಗಿಲ್ಲ. ಹತ್ತಿ ಗಿರಣಿ, ರೇಷ್ಮೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಹಳ್ಳಿ ಹುಡುಗಿಯರೂ ಈ ಕತೆಯಲ್ಲಿ ಕಾಣುವುದಿಲ್ಲ. ಆ ಕಾಲದಲ್ಲಿ ನಿಜವಾಗಿ ಉಗಿಯಂತ್ರದ ಪಕ್ಕ ನಿಂತವರು ಅವರು. ಮತ್ತೆ, ಇಷ್ಟೆಲ್ಲ ಗಟ್ಟಿ ಹೆಣ್ಣುಮಕ್ಕಳಿಗೆ ಆಜ್ಞೆ ಕೊಡಲು ಒಬ್ಬ ಗಂಡಸೇ ಯಾಕೆ ಬೇಕು ಅನ್ನುವ ಪ್ರಶ್ನೆಗೆ ಮೂಲ ಆಟದಲ್ಲಿ ಉತ್ತರವಿಲ್ಲ. ಆಡುವವರು ಆ ಗಂಡಸಿನ ಜಾಗದಲ್ಲಿ ಕೂರಬೇಕಿತ್ತು, ಅಷ್ಟೇ ಕಾರಣ. ಈ ವಿಷಯದಲ್ಲಿ 2000ದ ಟಿವಿ ಸರಣಿ ವಾಸಿ. ಮ್ಯಾಡ್‌ಹೌಸ್ ಸ್ಟುಡಿಯೋ ಮಾಡಿದ 25 ಕಂತು, ನಿರ್ದೇಶಕ ನಕಮುರಾ ರ್ಯೂತಾರೊ. ಅಲ್ಲಿ ಕತೆ ಸಕುರಾಳ ಜೊತೆ ಶುರುವಾಗುತ್ತದೆ, ಒಗಾಮಿ ಬರುವುದು ಆಮೇಲೆ. ಅಷ್ಟರೊಳಗೆ ಹುಡುಗಿಯರು ತಮ್ಮತಮ್ಮಲ್ಲೇ ಜಗಳ ಆಡಿ, ಮುನಿಸಿಕೊಂಡು, ಒಂದು ತಂಡವಾಗುವ ದಾರಿಯಲ್ಲಿ ಇರುತ್ತಾರೆ. ನಿಧಾನ ಅಂತ ಬೈಯುವವರಿದ್ದಾರೆ. ನನಗೆ ಆ ನಿಧಾನವೇ ಇಷ್ಟ.

ನಿಮ್ಮ ಬರಹದಲ್ಲಿ ಬರಲೇಬೇಕಿದ್ದ ಇನ್ನೊಂದು ಸಂಗತಿ ಇದೆ. ಈ ಪಾತ್ರಗಳಿಗೆ ದನಿ ಕೊಟ್ಟ ನಟಿಯರು ಬರೀ ಮೈಕಿನ ಮುಂದೆ ನಿಂತು ಮನೆಗೆ ಹೋಗಲಿಲ್ಲ. 1997ರಿಂದ 2006ರವರೆಗೆ ಅದೇ ಪಾತ್ರಗಳ ವೇಷದಲ್ಲಿ, ನಿಜವಾದ ರಂಗದ ಮೇಲೆ, ನಿಜವಾದ ಪ್ರೇಕ್ಷಕರ ಮುಂದೆ ಹಾಡಿ ನಟಿಸಿದರು. ಸಕುರಾಗೆ ದನಿಯಾದ ಯೊಕೊಯಾಮಾ ಚಿಸಾ ಸಕುರಾ ಆಗಿಯೇ ಜನರ ಮುಂದೆ ನಿಂತರು. ಹಾಡುಗಳಿಗೆ ಸಂಗೀತ ತನಾಕಾ ಕೋಹೆಯ್ ಅವರದು. ಆ ನಾಟಕಗಳ ಧ್ವನಿಮುದ್ರಣ ಕೇಳಿ, ಜನ ತಾಳ ಹಾಕುವ ಸದ್ದು ಕೇಳಿಸುತ್ತದೆ. ಕಾಗದದ ಮೇಲೆ ಕಟ್ಟಿದ ನಾಟಕ ಮಂಡಳಿ ಹೀಗೆ ಹತ್ತಿರ ಹತ್ತಿರ ಹತ್ತು ವರ್ಷ ನಿಜದ ನಾಟಕ ಮಂಡಳಿಯಾಗಿ ನಡೆಯಿತು. ಇಂಥದ್ದು ಬೇರೆ ಯಾವ ರೋಬೋಟ್ ಕತೆಗೂ ಆದದ್ದು ನಾನು ಕೇಳಿಲ್ಲ.

ಸಂಪಾದಕರೇ, ನನ್ನ ಕೋರಿಕೆ ಎರಡೇ. ಸಮುರಾಯ್ ಕಾಲ ಎಂಬ ತಪ್ಪನ್ನು ಮುಂದಿನ ಪುರವಣಿಯಲ್ಲಿ ಒಂದು ಸಾಲಿನಲ್ಲಿ ತಿದ್ದಿ. ಇನ್ನೊಂದು, ಸಿನಿಮಾ ಪುಟದಲ್ಲಿ ಅರ್ಧ ಪುಟ ಜಾಗ ಕೊಟ್ಟು, 2000ದ ಸರಣಿಯನ್ನು ಪೂರ್ತಿ ನೋಡಿದವರಿಂದಲೇ ಬರೆಸಿ. ಜೊತೆಗೆ ಚಿತ್ರ ಹಾಕುವುದಾದರೆ ದಯವಿಟ್ಟು ಕೋಬು ಪಕ್ಕ ಕತ್ತಿ ಹಿಡಿದು ನಿಂತ ಚಿತ್ರ ಬೇಡ. ಆರೂ ಜನ ರಂಗದ ಮೇಲೆ ಹಾಡುತ್ತಿರುವುದನ್ನು ಹಾಕಿ.

ಇಂತಿ,
ನಿಮ್ಮ ಓದುಗಳು