ಡಿಸ್ಕನ್ನು ಬೈಯುವ ಮುನ್ನ ಕೇಬಲ್ ನೋಡಿ

ಮಾನ್ಯರೇ,

ಹೊರಗಿನ ಹಾರ್ಡ್ ಡಿಸ್ಕ್ ಕೇಸ್‌ನಿಂದ ವಿಡಿಯೊ ಎಡಿಟ್ ಮಾಡುವಾಗ ಟೈಮ್‌ಲೈನ್ (ಪರದೆಯಲ್ಲಿ ತುಣುಕುಗಳನ್ನು ಜೋಡಿಸಿ ಓಡಿಸುವ ಪಟ್ಟಿ) ತಡವರಿಸಿದರೆ ಎಲ್ಲರೂ ದೂರುವುದು ಡಿಸ್ಕನ್ನೇ. ತಪ್ಪು ಎಷ್ಟೋ ಸಲ ಕೇಬಲ್‌ನದು. ಫೋನ್ ಚಾರ್ಜರ್ ಜೊತೆ ಬರುವ ಟೈಪ್-ಸಿ ಕೇಬಲ್ ಬಹುಮಟ್ಟಿಗೆ ಯುಎಸ್‌ಬಿ 2.0 ಎಂಬ ಹಳೆಯ, ನಿಧಾನದ ಬಗೆ; ಸೆಕೆಂಡಿಗೆ 40 ಎಂಬಿ ದಾಟುವುದೇ ಕಷ್ಟ. ಸೆಕೆಂಡಿಗೆ 30 ಫ್ರೇಮಿನ 4ಕೆ ಪ್ರೋರೆಸ್ 422 ಎಚ್‌ಕ್ಯೂ (ಎಡಿಟಿಂಗ್‌ಗೆ ಬಳಸುವ, ದೊಡ್ಡ ಗಾತ್ರದ ವಿಡಿಯೊ ಫಾರ್ಮ್ಯಾಟ್) ವಿಡಿಯೊದ ಒಂದೇ ಟ್ರ್ಯಾಕಿಗೆ ಸೆಕೆಂಡಿಗೆ ಸುಮಾರು 110 ಎಂಬಿ ಬೇಕು. 7200 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು ತಿರುಗುವ) ಡಿಸ್ಕ್ ಇಂಥ ಒಂದು ಟ್ರ್ಯಾಕನ್ನು ಎಳೆದೀತು, ಎರಡಕ್ಕೆ ಏದುಸಿರು. ಓದುವ ಹೆಡ್ ಅತ್ತಿತ್ತ ಓಡಾಡಬೇಕಲ್ಲ! ಹೆಚ್ಚು ಕ್ಯಾಮೆರಾಗಳ ಕೆಲಸಕ್ಕೆ 10 ಜಿಬಿಪಿಎಸ್‌ನ (ಸೆಕೆಂಡಿಗೆ 10 ಗಿಗಾಬಿಟ್) ಎನ್‌ವಿಎಂಇ ಕೇಸ್, ಅಂದರೆ ತಿರುಗುವ ಡಿಸ್ಕ್ ಬದಲು ವೇಗದ ಚಿಪ್ ಇರುವ ಕೇಸ್, ಮೇಲು. ಅದರಲ್ಲೂ ಚಿಪ್‌ಗೂ ಲೋಹದ ಮುಚ್ಚಳಕ್ಕೂ ನಡುವೆ ಥರ್ಮಲ್ ಪ್ಯಾಡ್ (ಶಾಖ ದಾಟಿಸುವ ಮೆತ್ತೆ) ಸರಿಯಾಗಿ ಕೂರದಿದ್ದರೆ, ದೊಡ್ಡ ಫೈಲ್ ಬರೆಯುವಾಗ ಕಾದು ವೇಗ ಕುಸಿಯುತ್ತದೆ. ಅಂದಹಾಗೆ, ವೇಗಕ್ಕಾಗಿ ಎರಡು ಡಿಸ್ಕ್‌ಗಳಿಗೆ ಫೈಲನ್ನು ಹಂಚಿ ಬರೆಯುವ ರೇಡ್ 0 ಬ್ಯಾಕಪ್ ಅಲ್ಲ. ಒಂದು ಡಿಸ್ಕ್ ಕೆಟ್ಟರೆ ಎರಡರಲ್ಲಿದ್ದದ್ದೂ ಹೋದಂತೆ.

– ಒಬ್ಬ ವಿಡಿಯೊ ಸಂಕಲನಕಾರ